ಮೂರನೇ ಪೆಡಲ್

ಹಳೇ ಅಮೆರಿಕನ್ ಕಾರು ಎಲ್ಲೇ ನಿಂತಿರಲಿ, ನಾನು ಮೊದಲು ಬಾನೆಟ್ ನೋಡುವುದಿಲ್ಲ, ಕ್ರೋಮ್ ನೋಡುವುದಿಲ್ಲ. ಡ್ರೈವರ್ ಕಡೆಯ ಗಾಜಿಗೆ ಕೈ ಅಡ್ಡ ಹಿಡಿದು ಕಾಲಿಡುವ ಜಾಗ ನೋಡುತ್ತೇನೆ. ಅಲ್ಲಿ ಎರಡು ಪೆಡಲ್ ಇರಬೇಕು. ಎಷ್ಟೋ ಸಲ ಮೂರು ಇರುತ್ತವೆ. ಮೂರನೆಯದು ಕಾರಿನ ಜೊತೆ ಬಂದದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಜೀಪಿನದೋ ಅಂಬಾಸಿಡರಿನದೋ ಪೆಡಲ್ ತಂದು, ಮುಂದಿನ ತಗಡಿಗೆ ತೂತು ಹೊಡೆದು, ವೆಲ್ಡಿಂಗ್ ಮಾಡಿ ಕೂರಿಸಿರುತ್ತಾರೆ. ಸ್ಟೇರಿಂಗ್ ಮೇಲೆ ಪಿ, ಆರ್, ಎನ್, ಡಿ, ಎಲ್ (ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಲೋ) ಅಂತ ಬರೆದ ಪಟ್ಟಿ ಹಾಗೇ ಇರುತ್ತದೆ. ಅದರ ಮುಳ್ಳು ಮಾತ್ರ ಇನ್ನು ಅಲುಗಾಡುವುದಿಲ್ಲ. ಕಾರ್ಪೆಟ್ ಹರಿದ ಕಡೆಯಿಂದ ಒಂದು ಗೇರ್ ಲಿವರ್ ಎದ್ದಿರುತ್ತದೆ. ಕ್ಲಚ್ ಜೊತೆಗೇ ಬಂದ ಅಮೆರಿಕನ್ ಕಾರುಗಳೂ ಬೇಕಾದಷ್ಟಿದ್ದವು, ಅವುಗಳ ಮಾತು ಬೇರೆ. ನಾನು ಹೇಳುತ್ತಿರುವುದು ಆಟೋಮ್ಯಾಟಿಕ್ ಆಗಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನಾಗಿ ಬದಲಾಗುವ ಹಾಗೆ ಬಂದು, ನಮ್ಮಲ್ಲಿ ಕ್ಲಚ್ ಹಾಕಿಸಿಕೊಂಡವುಗಳ ಬಗ್ಗೆ.

ಇದಕ್ಕೆ ಒಂದು ಕಾರಣ ಸುಲಭವಾಗಿ ಸಿಗುತ್ತದೆ. ಪೆಟ್ರೋಲ್. 4.6 ಲೀಟರಿನ ವಿ8 ಇಂಜಿನ್ನಿಗೆ ಪೆಟ್ರೋಲ್ ಹಾಕಿಸಿ ಸಾಕಾದವರು ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಆ ಡೀಸೆಲ್ ಇಂಜಿನ್ ಯಾವುದೋ ವ್ಯಾನಿನದು. ಅದರ ಜೊತೆ ಅದರ ಗೇರ್‌ಬಾಕ್ಸ್ ಬಂತು, ಗೇರ್‌ಬಾಕ್ಸ್ ಜೊತೆ ಕ್ಲಚ್ ಬಂತು. ಇದು ನನಗೆ ಅರ್ಥವಾಗುತ್ತದೆ. ದುಡ್ಡಿನ ವಿಷಯ, ಯಾರನ್ನೂ ಬೈಯುವ ಹಾಗಿಲ್ಲ. ನನ್ನ ತಲೆ ತಿನ್ನುತ್ತಿದ್ದದ್ದು ಇನ್ನೊಂದು ಬಗೆಯವು. ಇಂಜಿನ್ ಹಳೆಯದೇ ಇದೆ, ಚೆನ್ನಾಗಿಯೂ ಇದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದನ್ನೇ ಕಿತ್ತು ಗುಜರಿಗೆ ಹಾಕಿದ್ದಾರೆ. ಯಾಕೆ ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: "ಅದು ನಮ್ ಕಡೆ ಯಾರಿಗೂ ಬರಲ್ಲ ಸಾರ್. ಪಾರ್ಟ್ಸೂ ಸಿಗಲ್ಲ. ತೆಗೆಸ್ಬಿಡಿ, ನಿಶ್ಚಿಂತೆ."

ನಮ್ಮತ್ತೆಯ ಕಾರಿಗೂ ಅದೇ ತೀರ್ಪು ಬಂತು. ಅಲ್ಲಿಂದ ಇದು ನನಗೆ ಬರೀ ಹವ್ಯಾಸದ ಮಾತಾಗಿ ಉಳಿಯಲಿಲ್ಲ.

ಅತ್ತೆಯ ಎಡಗಾಲು

ಕಾರು 1964ರ ಶೆವ್ರೊಲೆ ಇಂಪಾಲಾ. ಉದ್ದ ಸುಮಾರು 5.3 ಮೀಟರ್. ಸ್ಟೇರಿಂಗ್ ಎಡಗಡೆ. ಆ ಕಾಲದಲ್ಲಿ ದೆಹಲಿಯ ರಾಯಭಾರ ಕಚೇರಿಗಳ ಕಾರುಗಳನ್ನು ಎಸ್‌ಟಿಸಿ, ಅಂದರೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್, ಮಾರುತ್ತಿತ್ತು. ಹಾಗೆ ಹೊರಬಿದ್ದ ಕಾರು ಕೈಯಿಂದ ಕೈಗೆ ದಾಟಿ ಬೆಂಗಳೂರಿಗೆ ಬಂದಿತ್ತು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನಮ್ಮ ಸೋದರಮಾವ ಎಂಬತ್ತರ ದಶಕದಲ್ಲಿ ಅದನ್ನು ಕೊಂಡುಕೊಂಡರು. ಶೋಕಿಗೆ ಅಂತ ಊರವರು ಆಡಿಕೊಂಡರು. ಶೋಕಿಯೂ ಇತ್ತೇನೋ. ಆದರೆ ಮುಖ್ಯ ಕಾರಣ ಅತ್ತೆ.

ಅತ್ತೆಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿನ ಬಲ ಹೋಗಿತ್ತು. ಬಲಗಾಲು ಗಟ್ಟಿ. ಕಾರು ಓಡಿಸಬೇಕು ಅನ್ನುವ ಆಸೆ ಮದುವೆಗೆ ಮುಂಚಿನಿಂದಲೂ ಇತ್ತು. ಆದರೆ ಆಗ ನಮ್ಮಲ್ಲಿ ಸಿಗುತ್ತಿದ್ದ ಕಾರು ಯಾವುದು ಹೇಳಿ? ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಕೊನೆಗೆ ಬಂದ ಮಾರುತಿ 800. ಎಲ್ಲದಕ್ಕೂ ಎಡಗಾಲಲ್ಲಿ ಕ್ಲಚ್ ತುಳಿಯಬೇಕು. ಇಂಪಾಲಾಕ್ಕೆ ಎಡಗಾಲಿನ ಕೆಲಸವೇ ಇಲ್ಲ.

ಮಂಡಿಯ ಹಿಂದಿನ ಅಂಗಳದಲ್ಲಿ ಅತ್ತೆ ಮೊದಲ ಸಲ ಓಡಿಸಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಹಮಾಲರು ಲೋಡ್ ಮುಗಿಸಿ ಕಟ್ಟೆ ಮೇಲೆ ಕೂತಿದ್ದರು. ನಾನು ಹಿಂದಿನ ಸೀಟಿನಲ್ಲಿ ನಿಂತುಕೊಂಡು ಮುಂದಿನ ಸೀಟಿಗೆ ಗದ್ದ ಊರಿದ್ದೆ. ಕಾರಿನೊಳಗೆಲ್ಲ ಕೊಬ್ಬರಿ ವಾಸನೆ. ಮಾವ ಪಕ್ಕದಲ್ಲಿ ಕೂತು, "ಬ್ರೇಕ್ ಮೇಲೆ ಬಲಗಾಲಿಡು. ಈ ಕಡ್ಡಿನ ಡಿಗೆ ತಾ. ಈಗ ಕಾಲು ಮೆಲ್ಲಗೆ ತೆಗಿ" ಅಂದರು. ಅತ್ತೆ ಕಾಲು ತೆಗೆದರು. ಕಾರು ತಾನಾಗಿ, ಒಂದು ಚೂರೂ ಜರ್ಕ್ ಇಲ್ಲದೆ, ಮುಂದಕ್ಕೆ ಹೊರಟಿತು. ಅತ್ತೆ ತಿರುಗಿ ಮಾವನ ಮುಖ ನೋಡಿ, "ಅಷ್ಟೇನಾ?" ಅಂದರು. "ಅಷ್ಟೇ ಕಣೇ" ಅಂದರು ಮಾವ. ಆಮೇಲೆ ಅತ್ತೆ ಕೆ.ಬಿ. ಕ್ರಾಸ್‌ವರೆಗೆ ಒಬ್ಬರೇ ಹೋಗಿ ಬರುತ್ತಿದ್ದರು. ಹಬ್ಬಕ್ಕೆ ಬಟ್ಟೆ ತರಲು ನಿಟ್ಟೂರು, ಗುಬ್ಬಿ ದಾಟಿಕೊಂಡು ತುಮಕೂರಿಗೂ ಬರುತ್ತಿದ್ದರು. ಬಿ.ಎಚ್. ರಸ್ತೆಯಲ್ಲಿ ಎದುರಿಗೆ ಬಂದ ಲಾರಿಯವರು ಸ್ಲೋ ಮಾಡಿ ನೋಡುತ್ತಿದ್ದರು.

ಇದು ನಮ್ಮ ಮನೆಯೊಂದರ ಕಥೆಯಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಜನರಲ್ ಮೋಟರ್ಸ್‌ನವರು ಹೈಡ್ರಾಮ್ಯಾಟಿಕ್ ಅನ್ನುವ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು 1940ರ ಮಾಡೆಲ್ ಓಲ್ಡ್ಸ್‌ಮೊಬಿಲ್ ಕಾರಿಗೆ ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಅದೇ ಗೇರ್‌ಬಾಕ್ಸ್ ಎಂ5 ಸ್ಟುವರ್ಟ್ ಟ್ಯಾಂಕಿನಲ್ಲಿ ಕೆಲಸ ಮಾಡಿತು. ಯುದ್ಧದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡು ಮರಳಿದ ಸೈನಿಕರಿಗೆ ಓಲ್ಡ್ಸ್‌ಮೊಬಿಲ್ ಕಂಪನಿ ಇದೇ ಗೇರ್‌ಬಾಕ್ಸಿನ ಜೊತೆ ಬೇಕಾದ ಹಿಡಿ, ಪೆಡಲ್‌ಗಳನ್ನು ಜೋಡಿಸಿ ಕಾರು ಕೊಟ್ಟಿತು. ಕ್ಲಚ್ ಇಲ್ಲದ ಕಾರನ್ನು ಸೋಮಾರಿಗಳ ಕಾರು ಅನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ನಾನು ಅತ್ತೆಯ ವಿಷಯ ಹೇಳುತ್ತೇನೆ.

ಮಾವ ಹೋದ ಮೇಲೆ ಕಾರು ಬಹಳ ಕಾಲ ಷೆಡ್ಡಿನಲ್ಲೇ ಇತ್ತು. ಮತ್ತೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ. ಡಿಗೆ ಹಾಕಿದರೆ ಕಾರು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೊರಡುತ್ತಿತ್ತು. ನಿಂತ ಜಾಗದಲ್ಲಿ ಕೆಂಪು ಆಯಿಲ್. ಬೆಂಗಳೂರಿನ ಒಂದು ಗ್ಯಾರೇಜಿಗೆ ಕಳಿಸಿದೆವು. ಅವರು ಗೇರ್‌ಬಾಕ್ಸನ್ನು ಒಂದು ಸಲ ಇಳಿಸಿ ಹಾಕಿದರು. ಸರಿಹೋಗಲಿಲ್ಲ. ಇಂಜಿನ್ನಿಗೆ ಬೋರಿಂಗ್ ಆಗಬೇಕು, ಗೇರ್‌ಬಾಕ್ಸ್ ಮುಗಿದಿದೆ, ಮ್ಯಾನ್ಯುಯಲ್ ಹಾಕಿಕೊಡುತ್ತೇವೆ ಅಂದರು. ಅತ್ತೆಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಲಚ್ ಹಾಕಿದ್ಮೇಲೆ ನಾನ್ಯಾಕೆ ಅದನ್ನ ಇಟ್ಕೊಳ್ಳಲಿ? ಬೇಕಾದೋರಿಗೆ ಕೊಟ್ಬಿಡು" ಅಂದರು.

ಬಿಳಿ ಹೊಗೆ

ಈ ಇಂಪಾಲಾದಲ್ಲಿರುವ ಗೇರ್‌ಬಾಕ್ಸಿನ ಹೆಸರು ಪವರ್‌ಗ್ಲೈಡ್. ಶೆವ್ರೊಲೆ ಅದನ್ನು 1950ರಲ್ಲಿ ತಂದಿತು, 1973ರವರೆಗೆ ಕಾರುಗಳಿಗೆ ಹಾಕಿತು. ಮುಂದಕ್ಕೆ ಎರಡೇ ಗೇರ್. ಮೊದಮೊದಲು ಬೀಡು ಕಬ್ಬಿಣದ ಮೈ, ಅರವತ್ತರ ದಶಕದ ಆರಂಭದಿಂದ ಅಲ್ಯೂಮಿನಿಯಂ. ಇಂದಿನ ಏಳೆಂಟು ಗೇರಿನ ಆಟೋಮ್ಯಾಟಿಕ್ ಪಕ್ಕದಲ್ಲಿ ಇಟ್ಟರೆ ಇದು ಬಹಳ ಸರಳ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಲ್ಲ ಕೆಲಸವೂ ಆಯಿಲ್ ಪ್ರೆಷರಿನಲ್ಲೇ.

ಅದರ ಹಿಂಭಾಗದಲ್ಲಿ ಮುಷ್ಟಿಗಿಂತ ಚಿಕ್ಕದಾದ ಒಂದು ತಗಡಿನ ಡಬ್ಬಿ ಇದೆ. ವ್ಯಾಕ್ಯೂಮ್ ಮಾಡ್ಯುಲೇಟರ್ ಅನ್ನುತ್ತಾರೆ. ಒಳಗೆ ರಬ್ಬರಿನ ಪೊರೆ. ಒಂದು ಕಡೆ ಗೇರ್‌ಬಾಕ್ಸ್, ಇನ್ನೊಂದು ಕಡೆ ಇಂಜಿನ್ನಿನ ಇನ್‌ಟೇಕ್‌ಗೆ ಹೋಗುವ ಸಣ್ಣ ಪೈಪು. ಇಂಜಿನ್ ಎಷ್ಟು ಭಾರ ಎಳೆಯುತ್ತಿದೆ ಅನ್ನುವುದನ್ನು ಇದು ಗಾಳಿಯ ಎಳೆತದಿಂದ ತಿಳಿದುಕೊಂಡು ಒಳಗಿನ ಪ್ರೆಷರ್ ಹೆಚ್ಚುಕಡಿಮೆ ಮಾಡುತ್ತದೆ. ಆ ರಬ್ಬರ್ ಪೊರೆ ಹರಿದರೆ ಏನಾಗುತ್ತದೆ? ಇಂಜಿನ್ ಉಸಿರೆಳೆದಾಗಲೆಲ್ಲ ಗೇರ್‌ಬಾಕ್ಸಿನ ಆಯಿಲನ್ನೂ ಎಳೆದುಕೊಂಡು ಸುಡುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ಗೇರ್‌ಬಾಕ್ಸಿನಲ್ಲಿ ಆಯಿಲ್ ಕಮ್ಮಿಯಾಗಿ ಕಾರು ತಡವಾಗಿ ಹೊರಡುತ್ತದೆ. ಹೊಗೆ ನೋಡಿದವರು ಇಂಜಿನ್ನಿನ ಪಿಸ್ಟನ್ ರಿಂಗ್ ಹೋಗಿದೆ ಅನ್ನುತ್ತಾರೆ. ಕಾರು ತಡವರಿಸಿದ್ದು ನೋಡಿದವರು ಗೇರ್‌ಬಾಕ್ಸ್ ಹೋಗಿದೆ ಅನ್ನುತ್ತಾರೆ. ಎರಡು ದೊಡ್ಡ ಖಾಯಿಲೆ ಅಂತ ಹೇಳಿದ್ದು ಒಂದು ಸಣ್ಣ ಪೊರೆಯ ಕೆಲಸ.

ಕಾರನ್ನು ವಾಪಸ್ ತರಿಸಿಕೊಂಡು, ಷೆಡ್ಡಿನಲ್ಲಿ ಅದರ ಕೆಳಗೆ ಮಲಗಿ ನಾನು ಆ ಪೈಪ್ ಬಿಚ್ಚಿದೆ. ಒಣಗಿರಬೇಕಾದ ಪೈಪಿನೊಳಗಿಂದ ಕೆಂಪು ಆಯಿಲ್ ತೊಟ್ಟಿಕ್ಕಿತು. ಇಂಜಿನ್ ಬಚಾವ್. ಆದರೆ ನೆಲದ ಮೇಲೆ ಬೀಳುತ್ತಿದ್ದ ಆಯಿಲ್ ಬೇರೆ ಕಡೆಯದು. ಅದು ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ಕೆಳಗಿನ ತಗಡಿನ ಕವರಿನಿಂದ ಬರುತ್ತಿತ್ತು. ಮುಂದಿನ ಆಯಿಲ್ ಪಂಪಿನ ಸೀಲ್ ಹೋಗಿತ್ತು. ಸೀಲ್ ಅಂಗೈಯಗಲದ್ದು, ದುಡ್ಡೂ ದೊಡ್ಡದಲ್ಲ. ಆದರೆ ಅದು ಕೂತಿರುವುದು ಟಾರ್ಕ್ ಕನ್ವರ್ಟರ್, ಅಂದರೆ ಆಟೋಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಕೆಲಸ ಮಾಡುವ ಡಬ್ಬಿಯ ಹಿಂದೆ. ಅದನ್ನು ಮುಟ್ಟಬೇಕಾದರೆ ಇಡೀ ಗೇರ್‌ಬಾಕ್ಸನ್ನು ಇಂಜಿನ್ನಿನಿಂದ ಬಿಡಿಸಿ ಕೆಳಗಿಳಿಸಬೇಕು.

ಆಟೋಮ್ಯಾಟಿಕ್‌ಗಳು ನಮ್ಮಲ್ಲಿ ಗುಜರಿಗೆ ಹೋಗುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಕೆಟ್ಟದ್ದು ಚಿಕ್ಕದು, ಇಳಿಸುವ ಕೆಲಸ ದೊಡ್ಡದು. ಇಷ್ಟು ಕಷ್ಟಪಟ್ಟು ಇಳಿಸಿದ ಮೇಲೆ, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ವಾಪಸ್ ಹಾಕುವುದಕ್ಕೆ ಮೆಕ್ಯಾನಿಕ್ಕಿಗೆ ಧೈರ್ಯ ಬರುವುದಿಲ್ಲ. ಇನ್ನೊಂದು ಸಲ ಆಯಿಲ್ ಸೋರಿದರೆ ಗಿರಾಕಿ ಬೈಯುವುದು ಅವನನ್ನೇ ತಾನೇ?

ಶಿರಾ ಗೇಟಿನ ಲಾರಿ ಪಿಟ್

ಕಾರನ್ನು ಟೋ ಲಾರಿಯ ಮೇಲೆ ಏರಿಸಿಕೊಂಡು ತುಮಕೂರಿಗೆ ತಂದೆ. ಶಿರಾ ಗೇಟ್ ಹತ್ತಿರ ಒಬ್ಬರು ಲಾರಿ ಮೆಕ್ಯಾನಿಕ್ ಇದ್ದಾರೆ. ವಯಸ್ಸಾಗಿದೆ. ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಪಿಟ್ಟಿಗೆ ಇಳಿದು, ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರು. ಮೇಲೆ ಬಂದು ಹೇಳಿದರು: "ಒಳಗಡೆ ಏನೈತೆ ಅಂತ ನಂಗೊತ್ತಿಲ್ಲ ಸಾರ್. ಅದಕ್ಕೆ ನಾನು ಕೈ ಹಾಕಲ್ಲ. ಇಳಿಸೋದು ಏರಿಸೋದು ಗೊತ್ತು. ಅದನ್ನ ನೀಟಾಗಿ ಮಾಡ್ಕೊಡ್ತೀನಿ."

ಆ ಮಾತು ಕೇಳಿ ನನಗೆ ಧೈರ್ಯ ಬಂತು. ಗೇರ್‌ಬಾಕ್ಸ್ ರಿಪೇರಿ ಮಾಡುವುದು ಒಂದು ವಿದ್ಯೆ, ಅದನ್ನು ಗಾಯ ಮಾಡದೆ ಇಳಿಸುವುದು ಇನ್ನೊಂದು ವಿದ್ಯೆ. ಮೊದಲನೆಯದು ಬರುವುದಿಲ್ಲ ಅಂತ ಎರಡನೆಯದನ್ನೂ ಬಿಟ್ಟುಬಿಡುತ್ತೇವೆ, ಅಥವಾ ಹೇಗೆ ಬೇಕೋ ಹಾಗೆ ಕಿತ್ತುಹಾಕುತ್ತೇವೆ. ಒಳಗೆ ಏನೂ ಹಾಳಾಗಿರದ ಪೆಟ್ಟಿಗೆ ಇಳಿಸುವಾಗ ಹಾಳಾಗುತ್ತದೆ. ಹಾಗೆ ಹಾಳಾದದ್ದನ್ನು ನೋಡಿ ನಾವೇ "ಆಟೋಮ್ಯಾಟಿಕ್ ನಂಬೋ ಹಾಗಿಲ್ಲ" ಅನ್ನುತ್ತೇವೆ.

ಮೊದಲು ಬ್ಯಾಟರಿ ತಂತಿ ಬಿಚ್ಚಿದ್ದು. ಆಮೇಲೆ ಆಯಿಲ್ ಪ್ಯಾನ್ ಬಿಚ್ಚಿ ಆಯಿಲ್ ಇಳಿಸಿದ್ದು. ಆಯಿಲ್ ಬಣ್ಣ ಮಾಸಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಪ್ಯಾನಿನ ತಳದಲ್ಲಿ ತೆಳ್ಳಗೆ ಬೂದು ಬಣ್ಣದ ಕೆಸರು. ಲೋಹದ ಚೂರಿಲ್ಲ. ರೇಡಿಯೇಟರಿನ ನೀರು ಬೆರೆತಿದ್ದರೆ ಆಯಿಲ್ ಗುಲಾಬಿ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ, ಅದೂ ಇಲ್ಲ. ಇಷ್ಟು ನೋಡಿದರೆ ಸಾಕು, ಅರ್ಧ ಉತ್ತರ ಸಿಕ್ಕಿತು ಅಂತಲೇ ಲೆಕ್ಕ. ಗೇರ್‌ಬಾಕ್ಸ್ ಮುಗಿದಿದೆ ಅಂದವರು ಪ್ಯಾನ್ ಬಿಚ್ಚಿ ನೋಡಿದ್ದರೋ ಇಲ್ಲವೋ.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವುದು ಭಾಯ್‌ಗೆ ನಿತ್ಯದ ಕೆಲಸ. 1964ರವರೆಗಿನ ಇಂಪಾಲಾಗಳ ಚಾಸಿ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದ್ದು. ಅದರ ನಡುವಿನ ಕೊಳವೆಯೊಳಗಿಂದ ಶಾಫ್ಟ್ ಹಾಯ್ದು ಹೋಗುತ್ತದೆ. ಶಾಫ್ಟ್ ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಕಾರು ಮೆಕ್ಯಾನಿಕ್ಕುಗಳಿಗೆ ಇದು ಹೊಸದು, ಲಾರಿಯವರಿಗೆ ನೀರು ಕುಡಿದಷ್ಟು ಸಲೀಸು. ಬಿಚ್ಚುವ ಮುಂಚೆ ಎರಡೂ ಕಡೆ ಡಾಟ್ ಪಂಚ್‌ನಿಂದ ಗುರುತು ಹೊಡೆದರು, ವಾಪಸ್ ಹಾಕುವಾಗ ಅದೇ ದಿಕ್ಕಿಗೆ ಕೂರಬೇಕು, ಇಲ್ಲದಿದ್ದರೆ ಅದುರುತ್ತದೆ. ಜಾಯಿಂಟ್ ಕಪ್ಪುಗಳು ಉದುರದಂತೆ ಟೇಪ್ ಸುತ್ತಿದರು. ಸ್ಪೀಡೋಮೀಟರ್ ಕೇಬಲ್, ಗೇರ್ ಕಡ್ಡಿಯ ಲಿಂಕ್, ಆಯಿಲ್ ತಣ್ಣಗಾಗಲು ರೇಡಿಯೇಟರಿಗೆ ಹೋಗುವ ಎರಡು ಪೈಪು, ಡಿಪ್‌ಸ್ಟಿಕ್ ಕೊಳವೆ, ಸ್ಟಾರ್ಟರ್ ಮೋಟರ್. ಪ್ರತಿಯೊಂದು ಬಿಚ್ಚಿದಾಗಲೂ ಅದರ ಬೋಲ್ಟನ್ನು ಅದೇ ತೂತಿಗೆ ಎರಡು ಸುತ್ತು ತಿರುಗಿಸಿ ಬಿಡಲು ಹುಡುಗನಿಗೆ ಹೇಳಿದರು. ನಾನು ಪೈಪಿನ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಕೂದಲಿನಷ್ಟು ಸಣ್ಣ ಸಂದುಗಳಲ್ಲಿ ವಾಲ್ವುಗಳು ಓಡಾಡುತ್ತವೆ. ಗ್ಯಾರೇಜಿನ ಮಣ್ಣು ಒಳಗೆ ಹೋದರೆ ಮುಗಿಯಿತು.

ಗೇರ್‌ಬಾಕ್ಸನ್ನು ಇಂಜಿನ್ನಿಗೆ ಬಿಗಿದಿರುವ ಬೋಲ್ಟುಗಳ ತಲೆ ನೋಡಿ ಭಾಯ್ ಬೇಜಾರು ಮಾಡಿಕೊಂಡರು. ಎಲ್ಲ ಮೂಲೆ ಸವೆದು ಗುಂಡಗಾಗಿದ್ದವು. ಅಮೆರಿಕನ್ ಕಾರಿಗೆ ಇಂಚಿನ ಸ್ಪ್ಯಾನರ್ ಬೇಕು. ಈ ಬೋಲ್ಟಿನ ತಲೆ 9/16 ಇಂಚು, ಅಂದರೆ 14.29 ಮಿಲಿಮೀಟರ್. 14ರ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ. 15ರದು ಹೋಗುತ್ತದೆ, ಆದರೆ ಲೂಸು. ಹಿಂದೆ ಬಿಚ್ಚಿದವರು 15 ಹಾಕಿ ತಿರುಗಿಸಿದ್ದರು. ಭಾಯ್ ಮೂಲೆಯ ಮರದ ಪೆಟ್ಟಿಗೆಯಿಂದ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಇಂಚಿನ ರಿಂಗ್ ಸೆಟ್ ತೆಗೆದರು. ಹಳೇ ಟ್ರ್ಯಾಕ್ಟರ್ ಕಾಲದ್ದು. ಬೋಲ್ಟುಗಳಿಗೆ ಡೀಸೆಲ್ ಹಚ್ಚಿ ರಾತ್ರಿಯಿಡೀ ಬಿಟ್ಟರು.

ಮೇಲಿನ ಎರಡು ಬೋಲ್ಟುಗಳು ಕೈಗೆ ಸಿಗುವುದಿಲ್ಲ. ಹಿಂದಿನ ಕ್ರಾಸ್‌ಮೆಂಬರ್ ಬಿಚ್ಚಿ, ಇಂಜಿನ್ನಿನ ಬಾಲ ಸ್ವಲ್ಪ ಕೆಳಗೆ ಬಾಗಿಸಿದರೆ ಉದ್ದದ ಎಕ್ಸ್‌ಟೆನ್ಷನ್ ರಾಡ್ ಹಾಕಿ ಹಿಂದಿನಿಂದ ತಲುಪಬಹುದು. ಇಲ್ಲೊಂದು ಅಪಾಯ ಇದೆ. ಶೆವ್ರೊಲೆ ವಿ8ನಲ್ಲಿ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಇಂಜಿನ್ನಿನ ಹಿಂದಿನ ತುದಿಯಲ್ಲಿ. ಬಾಲ ಬಾಗಿದರೆ ಅದರ ಕ್ಯಾಪ್ ಹೋಗಿ ಮುಂದಿನ ತಗಡಿಗೆ ಬಡಿದು ಒಡೆಯುತ್ತದೆ. ಕ್ಯಾಪ್ ಮೊದಲೇ ತೆಗೆದಿಟ್ಟೆವು. ಇಂಜಿನ್ನಿನ ಕೆಳಗೆ ಮರದ ತುಂಡು ಇಟ್ಟು ಜಾಕಿ ಕೊಟ್ಟೆವು. ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು ಜಾಕಿ, ಮೇಲಿನಿಂದ ಚೈನ್ ಬ್ಲಾಕ್.

ಕನ್ವರ್ಟರ್ ಯಾರ ಕಡೆ

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಕ್ಲಚ್ ಇರುವ ಗಾಡಿಯಲ್ಲಿ ಗೇರ್‌ಬಾಕ್ಸ್ ಇಳಿಸಿದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಎರಡೂ ಇಂಜಿನ್ ಕಡೆ ಉಳಿಯುತ್ತವೆ. ಗೇರ್‌ಬಾಕ್ಸ್ ಒಂದೇ ಹಿಂದಕ್ಕೆ ಬರುತ್ತದೆ. ನಮ್ಮ ಮೆಕ್ಯಾನಿಕ್ಕುಗಳ ಕೈಗೆ ಇದೇ ಅಭ್ಯಾಸ. ಆಟೋಮ್ಯಾಟಿಕ್‌ನಲ್ಲಿ ಇದು ತಿರುವುಮುರುವು. ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನ ಜೊತೆಗೇ ಇಳಿಯಬೇಕು.

ಕನ್ವರ್ಟರ್ ಅಂದರೆ ಏನು? 1905ರಲ್ಲಿ ಹೆರ್ಮಾನ್ ಫಟ್ಟಿಂಗರ್ ಅನ್ನುವ ಜರ್ಮನ್ ಇಂಜಿನಿಯರ್ ಇದರ ಪೇಟೆಂಟ್ ಪಡೆದ. ಹಡಗಿನ ಟರ್ಬೈನಿನ ಜೋರು ಓಟವನ್ನು ಪ್ರೊಪೆಲ್ಲರಿಗೆ ಹದವಾಗಿ ಮುಟ್ಟಿಸುವ ದಾರಿ ಹುಡುಕುತ್ತಿದ್ದ. ನಮ್ಮ ತೋಟದ ಪಂಪು ಮೋಟರಿನ ಶಕ್ತಿಯಿಂದ ನೀರನ್ನು ತಳ್ಳುತ್ತದೆ. 1902ರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಶಿವನಸಮುದ್ರದಲ್ಲಿ ನೀರು ಟರ್ಬೈನನ್ನು ತಳ್ಳುತ್ತದೆ. ಫಟ್ಟಿಂಗರ್ ಈ ಎರಡನ್ನೂ ಒಂದೇ ಮುಚ್ಚಿದ ಡಬ್ಬಿಯಲ್ಲಿ ಎದುರುಬದುರು ಕೂರಿಸಿದ. ಒಂದು ಕಡೆಯ ಚಕ್ರವನ್ನು ಇಂಜಿನ್ ತಿರುಗಿಸುತ್ತದೆ, ಅದು ಆಯಿಲನ್ನು ಎಸೆಯುತ್ತದೆ. ಎದುರಿನ ಚಕ್ರ ಆ ಆಯಿಲಿನ ಹೊಡೆತಕ್ಕೆ ತಿರುಗಿ ಗೇರ್‌ಬಾಕ್ಸಿಗೆ ಶಕ್ತಿ ಕೊಡುತ್ತದೆ. ನಡುವೆ ಸ್ಟೇಟರ್ ಅನ್ನುವ ಮೂರನೆಯದು ವಾಪಸ್ ಬರುವ ಆಯಿಲಿನ ದಿಕ್ಕು ತಿರುಗಿಸಿ, ಹೊರಡುವಾಗ ಎಳೆತ ಹೆಚ್ಚಿಸುತ್ತದೆ. ಎರಡು ಚಕ್ರಗಳೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಅತ್ತೆ ಬ್ರೇಕ್ ತುಳಿದು ನಿಂತಾಗ ಇಂಜಿನ್ ಆಫ್ ಆಗದೆ ಇದ್ದದ್ದು, ಕಾಲು ತೆಗೆದಾಗ ಜರ್ಕ್ ಇಲ್ಲದೆ ಹೊರಟದ್ದು ಇದರಿಂದ.

ಈ ಕನ್ವರ್ಟರ್ ಇಂಜಿನ್ನಿನ ಕಡೆ ಫ್ಲೆಕ್ಸ್ ಪ್ಲೇಟ್ ಅನ್ನುವ ತೆಳ್ಳನೆ ಉಕ್ಕಿನ ತಟ್ಟೆಗೆ ಮೂರು ಬೋಲ್ಟಿನಿಂದ ಬಿಗಿದಿರುತ್ತದೆ. ಕೆಳಗಿನ ಕವರ್ ತೆಗೆದರೆ ಒಂದು ಸಲಕ್ಕೆ ಒಂದು ಬೋಲ್ಟ್ ಕಾಣುತ್ತದೆ. ಇಂಜಿನ್ನನ್ನು ಮುಂದಿನಿಂದ ಕೈಯಲ್ಲೇ ತಿರುಗಿಸಿ ಮುಂದಿನದನ್ನು ಕೆಳಕ್ಕೆ ತರಬೇಕು. ಹುಡುಗ ಮುಂದೆ ನಿಂತು ತಿರುಗಿಸಿದ, ನಾನು ಪಿಟ್ಟಿನಲ್ಲಿ ನಿಂತು "ಇನ್ನೊಂಚೂರು, ಇನ್ನೊಂಚೂರು, ಸಾಕು" ಅನ್ನುತ್ತಿದ್ದೆ. ಎರಡು ಬೋಲ್ಟು ಸರಿಯಾದವು. ಮೂರನೆಯದು ಬೇರೆ ಜಾತಿಯದು, ಉದ್ದವೂ ಬೇರೆ, ಥ್ರೆಡ್ಡೂ ಬೇರೆ. ಹಿಂದೆ ಇಳಿಸಿದವರು ಒಂದು ಬೋಲ್ಟ್ ಕಳೆದು, ಕೈಗೆ ಸಿಕ್ಕಿದ್ದನ್ನು ಬಲವಂತವಾಗಿ ತಿರುಗಿಸಿದ್ದರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಜಾಗ ಅದು. ಅತ್ತೆ ಅದರಲ್ಲಿ ಕೂತು ಹೊರಟಿದ್ದರೆ ಅಂತ ಯೋಚಿಸಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬಿಡಿಸುವಾಗ ಗೇರ್‌ಬಾಕ್ಸ್ ಒಂಚೂರೂ ಅಲುಗಾಡಲಿಲ್ಲ. ಬೀಡಿನ ಇಂಜಿನ್ನಿಗೂ ಅಲ್ಯೂಮಿನಿಯಂ ಹೌಸಿಂಗಿಗೂ ನಡುವೆ, ಎರಡೂ ನೇರ ಕೂರಲಿ ಅಂತ, ಎರಡು ಡೋವೆಲ್ ಪಿನ್ ಇರುತ್ತವೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಅವು ಕಚ್ಚಿಕೊಂಡಿರುತ್ತವೆ. ಹುಡುಗ ಉಳಿ ಎತ್ತಿಕೊಂಡ. ಭಾಯ್ ಅವನ ಕೈ ಹಿಡಿದರು. "ಸಂದಿಗೆ ಉಳಿ ಹಾಕ್ಬೇಡ ಮಗ. ಅಲ್ಯೂಮಿನಿಯಂ ಅದು. ಗಾಯ ಆದ್ರೆ ಮತ್ತೆ ಮಟ್ಟಕ್ಕೆ ಕೂರಲ್ಲ." ಮರದ ಸುತ್ತಿಗೆ ತಗೊಂಡು ಹೌಸಿಂಗಿನ ಅಂಚಿಗೆ ಆ ಕಡೆ ಒಂದು, ಈ ಕಡೆ ಒಂದು ತಟ್ಟುತ್ತಾ ಹೋದರು. ಟೀ ಬಂತು, ಕುಡಿದರು, ಮತ್ತೆ ತಟ್ಟಿದರು. ಕೊನೆಗೆ ಉಗುರು ಹೋಗುವಷ್ಟು ಸಂದು ಬಿಟ್ಟಿತು. ನಾನು ಆ ಸಂದಿನಿಂದ ಸ್ಕ್ರೂಡ್ರೈವರ್ ಹಾಕಿ ಕನ್ವರ್ಟರನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಗೇರ್‌ಬಾಕ್ಸಿನ ಕಡೆಗೆ ಕೂರಿಸಿದೆ. ಹೌಸಿಂಗಿನ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿದೆವು, ಕನ್ವರ್ಟರ್ ಮುಂದಕ್ಕೆ ಜಾರಿ ಬೀಳದಂತೆ. ಪ್ಯಾನ್ ಖಾಲಿ ಮಾಡಿದ್ದರೂ ಕನ್ವರ್ಟರಿನ ಹೊಟ್ಟೆಯಲ್ಲಿ ಲೀಟರುಗಟ್ಟಲೆ ಆಯಿಲ್ ಉಳಿದಿರುತ್ತದೆ. ಗೇರ್‌ಬಾಕ್ಸಿನ ಮೂತಿ ಕೆಳಗಾದರೆ ಅದೆಲ್ಲ ಮೈಮೇಲೆ. ಚೈನ್ ಬ್ಲಾಕ್ ಕಟಕಟ ಅನ್ನುತ್ತಾ ಇಳಿಯಿತು, ಗೇರ್‌ಬಾಕ್ಸ್ ಮಟ್ಟವಾಗಿ ನೆಲ ಮುಟ್ಟಿತು.

ಕನ್ವರ್ಟರ್ ಎಳೆದು ನೋಡಿದರೆ ಹಳೇ ಸೀಲ್ ಕಲ್ಲಿನಷ್ಟು ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದರೂ ಬಾಗಲಿಲ್ಲ. ಅದರ ತುಟಿ ಕನ್ವರ್ಟರಿನ ಕುತ್ತಿಗೆಯ ಮೇಲೆ ಸಣ್ಣ ಗೆರೆ ಕೊರೆದಿತ್ತು. ಅದನ್ನು ನಯವಾದ ಎಮ್ರಿಯಿಂದ ಉಜ್ಜಿ, ಹೊಸ ಸೀಲಿನ ಬಾಯಿಗೆ ಆಯಿಲ್ ಹಚ್ಚಿ ಕೂರಿಸಿದೆವು. ಹೊಸ ಮಾಡ್ಯುಲೇಟರ್ ಹಾಕಿದೆವು.

ಪಾರ್ಟ್ಸ್ ಸಿಗಲ್ಲ ಅನ್ನುವ ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಪವರ್‌ಗ್ಲೈಡ್ ಕಾರುಗಳಿಗೆ ಬರುವುದು 1973ಕ್ಕೆ ನಿಂತರೂ ಅದರ ಪಾರ್ಟ್ಸ್ ತಯಾರಾಗುವುದು ನಿಂತಿಲ್ಲ. ಅಮೆರಿಕದ ಡ್ರ್ಯಾಗ್ ರೇಸಿನವರು, ಅಂದರೆ ನೇರ ದಾರಿಯಲ್ಲಿ ಸ್ವಲ್ಪ ದೂರದ ಪಂದ್ಯ ಓಡಿಸುವವರು, ಇವತ್ತಿಗೂ ಇದನ್ನು ಬಳಸುತ್ತಾರೆ. ಗಟ್ಟಿ, ಹಗುರ, ಒಂದೇ ಸಲ ಗೇರ್ ಬದಲಾದರೆ ರೇಸ್ ಮುಗಿಯುತ್ತದೆ. ಸೀಲು, ಬ್ಯಾಂಡು (ಒಳಗಿನ ಡ್ರಮ್ಮನ್ನು ಬಿಗಿದು ಹಿಡಿಯುವ ಪಟ್ಟಿ), ಗೇರ್‌ಬಾಕ್ಸಿನೊಳಗೆ ತಾನಾಗಿ ಹಿಡಿದು ಬಿಡುವ ಕ್ಲಚ್ ಪ್ಲೇಟು, ಮಾಡ್ಯುಲೇಟರ್ ಎಲ್ಲ ಹೊಸದೇ ಸಿಗುತ್ತವೆ. ಆಯಿಲ್ ಕೂಡ ಸಮಸ್ಯೆಯಲ್ಲ. ಆಗ ಹಾಕುತ್ತಿದ್ದ ಟೈಪ್ ಎ ಆಯಿಲಿನಲ್ಲಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು, ಒಳಗಿನ ಬ್ಯಾಂಡು ನಯವಾಗಿ ಹಿಡಿಯಲಿ ಅಂತ. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂದ ಮೇಲೆ ಬೇರೆ ರಾಸಾಯನಿಕ ಬಂತು. ಟೈಪ್ ಎ ಜಾಗಕ್ಕೆ ಬಂದ ಡೆಕ್ಸ್ರಾನ್ ಆಯಿಲ್ ಈಗ ಯಾವ ಊರಲ್ಲಾದರೂ ಸಿಗುತ್ತದೆ.

ವಾಪಸ್ ಏರಿಸುವ ಮುಂಚೆ ಕನ್ವರ್ಟರನ್ನು ಸರಿಯಾಗಿ ಕೂರಿಸಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಅದು ಒಳಗೆ ಮೂರು ಕಡೆ ಕಚ್ಚಿಕೊಳ್ಳಬೇಕು: ಇನ್‌ಪುಟ್ ಶಾಫ್ಟಿನ ಹಲ್ಲು, ಸ್ಟೇಟರಿನ ಹಲ್ಲು, ಕೊನೆಗೆ ಆಯಿಲ್ ಪಂಪಿನ ಕಿವಿ. ಕನ್ವರ್ಟರನ್ನು ತಿರುಗಿಸುತ್ತಾ ಒತ್ತಿದರೆ ಒಂದೊಂದು ಸಲವೂ ಟಕ್ ಅಂತ ಒಳಗಿಳಿಯುತ್ತದೆ. ಮೂರನೇ ಟಕ್ ಬಾರದೆ ಏರಿಸಿ ಬೋಲ್ಟ್ ಬಿಗಿದರೆ ಪಂಪು ಒಳಗೇ ಪುಡಿ. ಸ್ಟಾರ್ಟ್ ಮಾಡುವ ತನಕ ಗೊತ್ತೂ ಆಗುವುದಿಲ್ಲ. ಎಷ್ಟೋ ಗೇರ್‌ಬಾಕ್ಸುಗಳು ಸತ್ತಿರುವುದು ಈ ಒಂದು ಟಕ್ಕಿಗಾಗಿ ಅಂತ ನನ್ನ ನಂಬಿಕೆ. ಗೇರ್‌ಬಾಕ್ಸ್ ಇಂಜಿನ್ನಿಗೆ ಪೂರ್ತಿ ಕೂತ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ನಡುವೆ ಸ್ವಲ್ಪ ಸಂದು ಇರಬೇಕು. ಬೋಲ್ಟನ್ನು ಬಿಗಿದು ಗೇರ್‌ಬಾಕ್ಸನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಅಭ್ಯಾಸ ಇಲ್ಲಿ ಕೂಡದು. ಭಾಯ್ ಆ ಮೂರನೇ ಟಕ್ ಕೇಳಿದ ಮೇಲೂ ಸ್ಕೇಲ್ ಹಿಡಿದು ಅಳತೆ ನೋಡಿಯೇ ಏರಿಸಿದರು.

ಉಳಿದದ್ದು

ಕ್ಲಚ್ ಹಾಕಿಸುವುದು ಅಗ್ಗ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಫ್ಲೈವೀಲ್ ಬೇಕು, ಕ್ಲಚ್ ಸೆಟ್ ಬೇಕು, ಕ್ರ್ಯಾಂಕಿನ ತುದಿಗೆ ಪೈಲಟ್ ಬುಷ್ ಬೇಕು, ಬೇರೆ ಬೆಲ್ ಹೌಸಿಂಗ್ ಬೇಕು. ಶಾಫ್ಟ್ ಉದ್ದ ಬದಲಾಗುತ್ತದೆ. ಕ್ರಾಸ್‌ಮೆಂಬರ್ ಬದಲಾಗುತ್ತದೆ. ಲಿವರ್ ಹೊರಗೆ ಬರಲು ಫ್ಲೋರ್ ಕೊಯ್ಯಬೇಕು. ಒಂದು ಸೀಲ್, ಒಂದು ಮಾಡ್ಯುಲೇಟರ್ ಹಾಕುವ ಕೆಲಸ ಇದಕ್ಕಿಂತ ಜಾಸ್ತಿಯೇನೂ ಅಲ್ಲ. ಬ್ಯಾಂಡು, ಕ್ಲಚ್ ಪ್ಲೇಟು ಎಲ್ಲ ಬದಲಿಸಬೇಕಾಗಿ ಬಂದರೂ ಮೂಲದ್ದನ್ನು ಉಳಿಸಿಕೊಳ್ಳುವುದೇ ಸರಿ ಅನ್ನುತ್ತೇನೆ.

ಕಾನೂನು ಇಲ್ಲಿ ನಮ್ಮ ಸಹಾಯಕ್ಕೆ ಬರುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ಮಾಡಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು ಅಂತ ಅದರಲ್ಲಿ ಹೆಸರಿಟ್ಟು ಹೇಳಿದೆ. ಗೇರ್‌ಬಾಕ್ಸಿನ ಹೆಸರಿಲ್ಲ. ಇದು ಆಗಬಾರದಿತ್ತು. ಕಾರು ಹೇಗೆ ಹೊರಡುತ್ತದೆ, ಹೇಗೆ ನಿಲ್ಲುತ್ತದೆ, ಅದನ್ನು ಯಾರು ಓಡಿಸಬಹುದು ಅನ್ನುವುದೆಲ್ಲ ಗೇರ್‌ಬಾಕ್ಸಿನಲ್ಲಿದೆ.

ಆಯಿಲ್ ತುಂಬಿ, ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಿ, ಮತ್ತೆ ಸ್ವಲ್ಪ ತುಂಬಿ, ಅಂತರಸನಹಳ್ಳಿವರೆಗೆ ಒಂದು ಸುತ್ತು ಹೋಗಿಬಂದೆವು. ಹೊಗೆ ಇಲ್ಲ. ಕೆಳಗೆ ಹಾಸಿದ ಪೇಪರ್ ಒಣಗೇ ಇತ್ತು. ಅತ್ತೆ ಈಗ ಎಪ್ಪತ್ತು ದಾಟಿದ್ದಾರೆ. ಹೈವೇಗೆ ಹೋಗುವುದಿಲ್ಲ. ಬೆಳಿಗ್ಗೆ ಟ್ರಾಫಿಕ್ ಇಲ್ಲದಾಗ ಮಂಡಿಯಿಂದ ಕೆರೆ ಏರಿವರೆಗೆ ಓಡಿಸಿಕೊಂಡು ಬರುತ್ತಾರೆ. ಎಲ್‌ನಿಂದ ಡಿಗೆ ಬದಲಾಗುವಾಗ ಸ್ವಲ್ಪ ತಡವಾಗುತ್ತಿದೆ ಅಂತ ಮೊನ್ನೆ ಹೇಳಿದರು. ಲೋ ಬ್ಯಾಂಡಿನ ಅಡ್ಜಸ್ಟಿಂಗ್ ಸ್ಕ್ರೂ ಹೊರಗಡೆಯೇ ಇದೆ, ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಮೊದಲು ಅದನ್ನು ನೋಡುತ್ತೇನೆ.

ಓದುವವರಲ್ಲಿ ಒಂದು ಕೋರಿಕೆ. ತುಮಕೂರು, ಶಿರಾ, ತಿಪಟೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಹಳೇ ಗ್ಯಾರೇಜುಗಳ ಹಿತ್ತಲಲ್ಲಿ ಇಂಥ ಕಿತ್ತುಹಾಕಿದ ಗೇರ್‌ಬಾಕ್ಸುಗಳು ಬಿದ್ದಿರುತ್ತವೆ. ಕೆಜಿ ಲೆಕ್ಕಕ್ಕೆ ಅಲ್ಯೂಮಿನಿಯಂ ರೇಟಿಗೆ ಹೋಗಿಬಿಡುತ್ತವೆ. ಕಂಡರೆ ತಳದ ಪ್ಯಾನಿನ ಬೋಲ್ಟುಗಳನ್ನು ಎಣಿಸಿ. ಹದಿನಾಲ್ಕಿದ್ದರೆ ಪವರ್‌ಗ್ಲೈಡ್ ಇರಬಹುದು. ಪಕ್ಕದಲ್ಲಿ ಎಲ್ಲಾದರೂ ಕನ್ವರ್ಟರ್ ಬಿದ್ದಿದೆಯಾ ಅಂತಲೂ ನೋಡಿ, ಎರಡರದೂ ಫೋಟೋ ತೆಗೆದು ಕಳಿಸಿ. ಗುಜರಿಯವರು ಕೊಡುವ ದುಡ್ಡನ್ನು ನಾನೇ ಕೊಡುತ್ತೇನೆ.